ತೇಲುವುದು ಬೇರೆ, ಹೊಳೆ ದಾಟುವುದು ಬೇರೆ

ಮಳೆ ಶುರುವಾಗುತ್ತಿದ್ದ ಹಾಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ಕಾವೇರಿ ದಂಡೆಯಲ್ಲಿ ನಮ್ಮ ತೋಟ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಹೊಳೆ ಏರಿದರೆ ಆಚೆ ಕೂಲಿಯವರ ಲೈನ್ ಮನೆಗಳಿಗೆ ಹೋಗಲು ಆಗುವುದಿಲ್ಲ. ನೀರಲ್ಲೂ ನೆಲದಲ್ಲೂ ಓಡುವ ಎಂಟು ಚಕ್ರದ ಗಾಡಿ ನೋಡಿದ್ದೇನೆ. 'ಎಲ್ಲಿ ಬೇಕಾದರೂ ಹೋಗುತ್ತದೆ' ಅಂತ ಜಾಹೀರಾತು. ದೋಣಿಯೇ ಬೇಡ ಅಂತಾರೆ ಏಜೆಂಟರು. ನಂಬಬಹುದಾ?

ಬೇಡ.

ಗಾಡಿ ಕೆಟ್ಟದ್ದು ಅಂತಲ್ಲ. ಕೆನಡಾದ ಆರ್ಗೊ 1967ರಿಂದ ಇಂಥವನ್ನು ಮಾಡುತ್ತಿದೆ. ಕೊಂಡವರಲ್ಲಿ ಬೇಟೆಗಾರರು, ಮೀನು ಹಿಡಿಯುವವರು ಜಾಸ್ತಿ. ಅವರಿಗೆ ಬೇಕಾಗಿದ್ದು ಜೌಗು, ಕೆರೆ, ನಿಂತ ನೀರು. ಅದಕ್ಕೆ ಈ ಗಾಡಿ ಚೆನ್ನಾಗಿದೆ.

ಜಾಹೀರಾತಿನ ಚಿತ್ರವನ್ನು ಇನ್ನೊಮ್ಮೆ ನೋಡಿ. ನೀರು ಕನ್ನಡಿಯ ಹಾಗಿದೆ. ಗಾಡಿಯಲ್ಲಿ ಒಬ್ಬನೋ ಇಬ್ಬರೋ, ಹಿಂದೆ ಸಾಮಾನಿಲ್ಲ. ಗಾಡಿ ಮೇಲೆ ಬರುವ ದಡ ನಮ್ಮ ಕಾಫಿ ಕಣದಷ್ಟು ಸಲೀಸು. ನಿಮ್ಮ ಪಕ್ಕದ ಕರಡಿಗೋಡಿನ ದಡ ಹಾಗಿದೆಯಾ?

ಚಿತ್ರ ಬಿಟ್ಟು ಅಂಕಿಗಳಿಗೆ ಬನ್ನಿ. ಎಂಜಿನ್ನಿನ ಹಾರ್ಸ್ ಪವರ್ ದಪ್ಪ ಅಕ್ಷರದಲ್ಲಿರುತ್ತದೆ. ನೀರಿನಲ್ಲಿ ವೇಗ ಎಷ್ಟು ಅನ್ನುವುದನ್ನು ಹುಡುಕಬೇಕು. ಚಕ್ರಗಳೇ ಹುಟ್ಟು ಹಾಕುವ ಗಾಡಿ ಇದು. ಗಂಟೆಗೆ ಸುಮಾರು 5 ಕಿಲೋಮೀಟರ್, ಅಂದರೆ ನಾವು ನಡೆದಷ್ಟು. ಈಗ ಲೆಕ್ಕ ಹಾಕಿ. ಹೊಳೆ 80 ಮೀಟರ್ ಅಗಲ ಇದೆ ಅನ್ನಿ. ದಾಟಲು ಒಂದು ನಿಮಿಷ ಬೇಕು. ನೀರು ಸೆಕೆಂಡಿಗೆ 2 ಮೀಟರ್ ಹರಿದರೆ ಅಷ್ಟರಲ್ಲಿ ನೀವು ನೂರು ಮೀಟರಿಗೂ ಕೆಳಗೆ ಹೋಗಿರುತ್ತೀರಿ. ಅಲ್ಲಿ ಬಿದಿರು ಮೆಳೆಯಿದ್ದರೆ? ಮೂತಿಯನ್ನು ಹರಿವಿಗೆ ಎದುರು ತಿರುಗಿಸಿದರೂ ಆಗದು, ಆ ನೀರಿನ ವೇಗವೇ ಗಂಟೆಗೆ 7 ಕಿಲೋಮೀಟರ್ ದಾಟುತ್ತದೆ.

ಭಾರಕ್ಕೂ ಎರಡು ಲೆಕ್ಕ. ಕೆಲವು ಎಂಟು ಚಕ್ರದ ಮಾದರಿಗಳಿಗೆ ನೆಲದಲ್ಲಿ ಆರು ಜನ, ನೀರಲ್ಲಿ ನಾಲ್ಕೇ ಜನ. ಏಜೆಂಟ್ ಹೇಳುವುದು ಆರು. ಲೈನ್ ಮನೆಯಿಂದ ಜನರನ್ನು ಕರೆತರುವಾಗ ಗಂಟುಮೂಟೆ, ಮಕ್ಕಳು ಎಲ್ಲ ಹತ್ತುತ್ತಾರೆ. ಯಾರನ್ನು ಇಳಿಸುತ್ತೀರಿ?

ಎಲ್ಲಕ್ಕಿಂತ ಕಷ್ಟ ಮೇಲೆ ಬರುವುದು. ಮುಂದಿನ ಚಕ್ರ ಕೆಸರು ಮುಟ್ಟಿರುತ್ತದೆ, ಹಿಂದಿನದು ಇನ್ನೂ ತೇಲುತ್ತಿರುತ್ತದೆ. ಹಿಡಿತ ಸಿಗುವುದಿಲ್ಲ, ನೀರು ಬಾಲವನ್ನು ಎಳೆಯುತ್ತದೆ. ಇದನ್ನು ಯಾವ ಜಾಹೀರಾತೂ ತೋರಿಸಿದ್ದು ನಾನು ನೋಡಿಲ್ಲ.

ತಮಾಷೆ ಅಂದರೆ ಕಂಪನಿಯೇ ನಿಜ ಹೇಳಿರುತ್ತದೆ, ಗಾಡಿ ಜೊತೆ ಬರುವ ಪುಸ್ತಕದಲ್ಲಿ. ಶಾಂತ ನೀರಲ್ಲಿ ಮಾತ್ರ ಓಡಿಸಿ, ಲೈಫ್ ಜಾಕೆಟ್ ಹಾಕಿ ಅಂತ. ಜಾಹೀರಾತು ಬರೆಯುವವನು ಬೇರೆ, ಆ ಪುಸ್ತಕವನ್ನು ವಕೀಲರ ಭಯದಿಂದ ಬರೆಯುವವನು ಬೇರೆ. ದುಡ್ಡು ಕೊಡುವ ಮೊದಲು ಪುಸ್ತಕ ಕೇಳಿ. 'ಅದು ಗಾಡಿ ಜೊತೆ ಬರುತ್ತೆ ಸರ್' ಅಂದರೆ ಎದ್ದು ಬನ್ನಿ.

ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ, ಒಪ್ಪುತ್ತೇನೆ. ಒಂದು ತೋಟದ ಕೆರೆಯಲ್ಲಿ ಡೆಮೊ ನೋಡಲು ಹೋಗಿದ್ದೆ. ಒಳಗಿನ ನೀರು ಹೊರಬಿಡುವ ತಳದ ತೂತಿಗೆ ಪ್ಲಗ್ ಹಾಕುವುದನ್ನೇ ಮಾರುವವರು ಮರೆತಿದ್ದರು. ಕೆರೆಯ ನಡುವೆ ಕಾಲು ಒದ್ದೆಯಾದಾಗಲೇ ಗೊತ್ತಾಗಿದ್ದು. ನಿಂತ ನೀರಾದ್ದರಿಂದ ನಗುತ್ತಾ ದಡ ಸೇರಿದೆವು. ನಿಮಗೆ ನನ್ನ ಸಲಹೆ: ನೀರು ಏರುವ ಮೊದಲೇ ಜನರನ್ನು ಈಚೆ ಕರೆತನ್ನಿ. ಅದಕ್ಕೆ ಹಳೇ ಜೀಪು ಸಾಕು.

ಪ್ರಶ್ನೆ: ಟೈರಿನಲ್ಲಿ ಗಾಳಿ ಕಡಿಮೆ, ನೆಲಕ್ಕೆ ಏನೂ ಆಗುವುದಿಲ್ಲ ಅಂತಾರೆ. ಕಾಫಿ ಸಾಲಿನ ನಡುವೆ ಓಡಿಸಬಹುದಾ?

ನೇರ ಹೋದರೆ ಆ ಮಾತು ನಿಜ. ತಿರುಗಿಸಿ ನೋಡಿ. ಇದರ ಚಕ್ರ ಜೀಪಿನ ಹಾಗೆ ಹೊರಳುವುದಿಲ್ಲ. ಒಂದು ಪಕ್ಕದ ಚಕ್ರಗಳನ್ನು ತಡೆದು ಇನ್ನೊಂದು ಪಕ್ಕ ಓಡಿಸಿ ತಿರುಗಿಸುವುದು. ಟೈರು ಅಡ್ಡಡ್ಡ ಉಜ್ಜುತ್ತದೆ. ಕಾಫಿಯ ಸಣ್ಣ ಬೇರು ಇರುವುದೇ ಮೇಲ್ಮಣ್ಣಿನಲ್ಲಿ. ಗದ್ದೆ ಬದಿಯಲ್ಲಿ ಓಡಿಸಿ, ಸಾಲಿನೊಳಗೆ ಬೇಡ.

ಪ್ರಶ್ನೆ: ಸೇನೆಯೇ ಇಂಥದ್ದನ್ನು ತಗೊಂಡಿದೆಯಲ್ಲ?

ತಗೊಂಡಿದೆ. ಆಟೋರ್ ಎನ್ 1200 ಅಂತ, ಟೈರೇ ಆಳೆತ್ತರ. ಅದರ ವೇಗವೂ ನೀರಲ್ಲಿ ಗಂಟೆಗೆ 6 ಕಿಲೋಮೀಟರ್ ಅಷ್ಟೇ.

ಪ್ರಶ್ನೆ: ಜಾಹೀರಾತು ನಂಬಿ ಮೋಸ ಹೋದರೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಿ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಏಜೆಂಟ್ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ? ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮೂರ ಮೆಕ್ಯಾನಿಕ್ ಜೀಪಿಗೆ ಸ್ನಾರ್ಕೆಲ್ ಹಾಕಿ, ಪಕ್ಕಕ್ಕೆ ಡ್ರಮ್ ಕಟ್ಟಿ ತೇಲಿಸಿಕೊಡುತ್ತೇನೆ ಅಂತಾನೆ.

ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿ ಕೊಡುತ್ತದೆ, ನಿಮಗಲ್ಲ. ಹರಿಯುವ ನೀರು ಎರಡು ಅಡಿ ಇದ್ದರೆ ಹೆಚ್ಚಿನ ಗಾಡಿಗಳು ಕೊಚ್ಚಿಹೋಗುತ್ತವೆ. ಡ್ರಮ್ ಕಟ್ಟಿದರೆ ಇನ್ನೂ ಬೇಗ ಹೋಗುತ್ತೀರಿ. ಅವನನ್ನೇ ಮೊದಲು ಕೂರಿಸಿ ನೋಡಿ, ಹತ್ತುತ್ತಾನಾ ಅಂತ.