ವಿರೋಧ ಪಕ್ಷವೂ ನಮ್ಮ ನೆರಳೂ

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ ಹೇಳುವ 'ನೆರಳಿ'ಗೂ ಪ್ರಜಾಪ್ರಭುತ್ವಕ್ಕೂ ಏನು ಸಂಬಂಧ, ವಿರೋಧ ಪಕ್ಷವೇ ಇಲ್ಲದಿದ್ದರೆ ಕೆಲಸ ಬೇಗ ಆಗಲ್ವಾ ಎಂದು ಕೇಳಿದ್ದೀರಿ. ನನಗಂತೂ ಹಾಗೆ ಅನಿಸುವುದಿಲ್ಲ.

ನಾವು ಒಪ್ಪಿಕೊಳ್ಳಲಾಗದ ನಮ್ಮದೇ ಗುಣಗಳು, ಅಂದರೆ ಸಿಟ್ಟು, ಹೊಟ್ಟೆಕಿಚ್ಚು, ಅಧಿಕಾರದ ಆಸೆ, ಇವೇ ನೆರಳು. ಅದನ್ನು ಒಳಗೆ ನೋಡದವರು ಎದುರಿನವರ ತಲೆಗೆ ಕಟ್ಟುತ್ತಾರೆ. 1946ರ ಬಿಬಿಸಿ ರೇಡಿಯೋ ಭಾಷಣದಲ್ಲಿ ಯುಂಗ್ ಹಿಟ್ಲರ್ ಕಾಲದ ಜರ್ಮನಿಯ ಕಥೆಯನ್ನು ಹೀಗೇ ಬಿಡಿಸಿಟ್ಟರು. ತಮ್ಮ ಸ್ವಿಟ್ಜರ್ಲೆಂಡ್ ಬಗ್ಗೆ ಹೇಳಿದ್ದು ಇನ್ನೂ ಚಂದ: ಅಲ್ಲಿ ಜಗಳವನ್ನು ಗಡಿಯಾಚೆ ಕಳಿಸುವುದಿಲ್ಲ, ಮನೆಯೊಳಗೇ, ಕಾನೂನಿನ ಮಿತಿಯಲ್ಲೇ ಆಡಿಕೊಳ್ಳುತ್ತಾರೆ. ಒಂದೇ ಕಡೆ ಜಾಸ್ತಿ ವಾಲಿದ್ದು ಕೊನೆಗೆ ತನ್ನ ವಿರುದ್ಧಕ್ಕೇ ತಿರುಗುತ್ತದೆ ಎಂಬ ಮಾತನ್ನೂ ಅವರು ಪ್ರಾಚೀನ ಗ್ರೀಕ್ ತತ್ವಜ್ಞಾನಿ ಹೆರಾಕ್ಲಿಟಸ್‌ನಿಂದ ತಗೊಂಡಿದ್ದರು. ಅದಕ್ಕೇ ನನಗೆ ಎದುರು ಮಾತಾಡುವ ಪಕ್ಷವೊಂದು ಬೇಕು ಅನಿಸುವುದು.

ಧಾರವಾಡದ ನಮ್ಮ ಓಣಿಯ ಕಟ್ಟೆಯಲ್ಲಿ ಇಬ್ಬರು ಹಿರಿಯರು ಕೂರುತ್ತಾರೆ. ಬೇರೆ ಬೇರೆ ಪಕ್ಷ. ಪಾಲಿಕೆ ಚುನಾವಣೆ ಬಂದರೆ ದನಿ ಏರುತ್ತದೆ, ಕೈ ನಡುಗಿ ಚಹಾ ಬಸಿಗೆ ಚೆಲ್ಲುತ್ತದೆ. ಕಳೆದ ಮಳೆಗಾಲದಲ್ಲಿ ಒಬ್ಬರು ಜ್ವರದಿಂದ ಮಲಗಿದ್ದರು. ಇನ್ನೊಬ್ಬರು ಪೇಪರ್ ಮಡಚಿಟ್ಟು ಸುಮ್ನೆ ಕೂತಿದ್ದರು. ನಾಲ್ಕನೇ ದಿನ ಅದೇ ಪೇಪರ್ ಹಿಡಿದು ಅವರ ಮನೆಗೇ ಹೋದರು. ಒಳಗಿನಿಂದ ವಾದದ ದನಿ ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ!