ಟೈಲಿಂಗ್ ವಿಂಡೋ ಮ್ಯಾನೇಜರ್ ಒಳ್ಳೆಯದಾ, ಫ್ಲೋಟಿಂಗ್ ಸಾಕಾ?

ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದೀರಿ, ಪರದೆಯ ಮೇಲೆ ವಿಂಡೋಗಳನ್ನು ಜೋಡಿಸುವ ಪ್ರೋಗ್ರಾಂ, ಅಂದರೆ ವಿಂಡೋ ಮ್ಯಾನೇಜರ್, ಟೈಲಿಂಗ್ ಇರಲಾ ಫ್ಲೋಟಿಂಗ್ ಇರಲಾ ಅಂತ ಕೇಳಿದ್ದೀರಿ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಲೆಕ್ಕ ಬರೆಯುವ ನಾನು ಐ3 ಎಂಬ ಟೈಲಿಂಗ್ ಮ್ಯಾನೇಜರ್ ಬಳಸುತ್ತೇನೆ.

ಫ್ಲೋಟಿಂಗ್‌ನಲ್ಲಿ ವಿಂಡೋಗಳು ಮೇಜಿನ ಮೇಲಿನ ಕಾಗದಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ಮೌಸ್ ಹಿಡಿದು ಸರಿಸಬೇಕು. ಟೈಲಿಂಗ್‌ನಲ್ಲಿ ಹೊಸ ವಿಂಡೋ ತೆರೆದರೆ ಇದ್ದವು ತಾವಾಗಿಯೇ ಜರುಗಿ ಜಾಗ ಕೊಡುತ್ತವೆ. ನನ್ನ ಪರದೆಯ ಎಡಕ್ಕೆ ಸ್ಕ್ಯಾನ್ ಮಾಡಿದ ತೂಕದ ಚೀಟಿ, ಬಲಕ್ಕೆ ಲೆಕ್ಕದ ಶೀಟ್. ಚೀಟಿ ನೋಡುತ್ತಾ ಚೆರ್ರಿ, ಪಾರ್ಚ್‌ಮೆಂಟ್ (ಕಾಫಿಯ ಎರಡು ಬಗೆ) ಕಿಲೋ ಹೊಡೆಯುವಾಗ ಕೈ ಕೀಬೋರ್ಡ್ ಬಿಡುವುದೇ ಇಲ್ಲ. ಇದೊಂದಕ್ಕೇ ನಾನು ಟೈಲಿಂಗ್ ಬಿಡಲಾರೆ. (ಕಲ್ಪನೆ ಹಳೆಯದೇ: 1985ರ ವಿಂಡೋಸ್ 1.0ದಲ್ಲೂ ಪ್ರೋಗ್ರಾಂ ವಿಂಡೋಗಳು ಅಕ್ಕಪಕ್ಕವೇ ಕೂರುತ್ತಿದ್ದವು.)

ಚಿಕ್ಕ ಪರದೆಯಲ್ಲಿ ನಾಲ್ಕು ವಿಂಡೋ ತುರುಕಬೇಡಿ, ಅಕ್ಷರ ಓದಲಾಗದು. ಎರಡೆರಡನ್ನು ಬೇರೆ ಬೇರೆ ವರ್ಕ್‌ಸ್ಪೇಸ್‌ಗೆ (ಕೀ ಒತ್ತಿ ಬದಲಿಸಬಹುದಾದ ಇನ್ನೊಂದು ಪರದೆಯಂಥ ಜಾಗ) ಹಾಕಿ. ಶಾರ್ಟ್‌ಕಟ್‌ಗಳು ಬೆರಳಿಗೆ ಹತ್ತುವವರೆಗೆ ತಾಳ್ಮೆ ಬೇಕು.

ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರ್, ಅಥವಾ ಫೋಟೊ ತಿದ್ದುವ ಕೆಲಸವಾದರೆ ಫ್ಲೋಟಿಂಗೇ ಸರಿ. ಐ3ಯಲ್ಲೂ ಮಾಡ್ ಕೀ (ನೀವು ಆರಿಸಿಕೊಂಡ ಆಲ್ಟ್ ಅಥವಾ ವಿಂಡೋಸ್ ಕೀ), ಶಿಫ್ಟ್, ಸ್ಪೇಸ್ ಒಟ್ಟಿಗೆ ಒತ್ತಿದರೆ ಆ ಒಂದು ವಿಂಡೋ ಮಾತ್ರ ತೇಲುತ್ತದೆ. ಕ್ಯಾಲ್ಕುಲೇಟರ್‌ಗೆ ನಾನು ಹಾಗೇ ಮಾಡುವುದು.