ಮೆಕ್ಯಾನಿಕ್ ಬಂದಾಗ ಮಾತ್ರ ಓಡುವ ಮೋಟರ್

ಪ್ರಶ್ನೆ: ಬೋರ್‌ವೆಲ್ ಮೋಟರ್ ಅರ್ಧ ಗಂಟೆ ಓಡಿ ತಾನೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರು. ಮೆಕ್ಯಾನಿಕ್ ಬಂದಾಗ ಮಾತ್ರ ಸರಿಯಾಗಿರುತ್ತದೆ! ಮೋಟರ್ ಮೇಲೆತ್ತಿಸಲೇ? – ಓದುಗರು, ರೋಣ

ಉತ್ತರ: ಸುಮ್ನೆ ಎತ್ತಿಸಬೇಡಿ, ಆ ಖರ್ಚೇ ಜಾಸ್ತಿ. ನಿಂತ ಕೂಡಲೇ ಸ್ಟಾರ್ಟರ್ ನೋಡಿ. ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿ ಎಳೆದರೆ ಮೋಟರ್ ನಿಲ್ಲಿಸುವ ಭಾಗ) ಟ್ರಿಪ್ ಆಗಿದ್ದರೆ, ಮುಂದಿನ ಸಲ ಓಡುವಾಗಲೇ 3 ಫೇಸ್‌ನ ಆಂಪಿಯರ್ (ಕರೆಂಟ್) ಅನ್ನು ವೈರ್ ಸುತ್ತ ಹಿಡಿಯುವ ಕ್ಲಾಂಪ್ ಮೀಟರ್‌ನಲ್ಲಿ ಅಳೆಸಿ. ಒಂದು ಫೇಸ್‌ನದು ಇಳಿದು ಉಳಿದೆರಡರದು ಏರಿದ್ದರೆ ಎಲ್ಲೋ ವೈರ್ ಜೋಡಣೆ ಸಡಿಲ ಇರಬಹುದು. ಹಾವೇರಿ ಹತ್ತಿರದ ನಮ್ಮ ಹೊಲದಲ್ಲೂ ಇದೇ ಕಾಟ. ಕೊನೆಗೆ ಸಿಕ್ಕಿದ್ದು ಕಪ್ಪಾಗಿ ಸುಟ್ಟ ಒಂದೇ ಒಂದು ತಿರುಪು! ಬಿಸಿಯಾದರೆ ಬಿಡುತ್ತಿತ್ತು, ತಣ್ಣಗಾದರೆ ಕೂಡುತ್ತಿತ್ತು. ರಿಲೇ ಟ್ರಿಪ್ ಆಗಿಲ್ಲವೆಂದರೆ ಸ್ಟಾರ್ಟರ್‌ನ ಕಾಂಟ್ಯಾಕ್ಟ್ ಎಳೆದು ಹಿಡಿಯುವ ಕಾಯಿಲ್‌ಗೆ ಹೋಗುವ ವೈರ್, ಸ್ಟಾಪ್ ಬಟನ್ ನೋಡಿಸಿ. ಕಾಂಟ್ಯಾಕ್ಟ್ ಸಂದಿಯಲ್ಲಿ ಇರುವೆ ಸತ್ತಿರುವುದೂ ಉಂಟು. ಮುಚ್ಚಳ ತೆಗೆಯುವ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.